ಮಿಲಾಳ ಅಮ್ಮನ ಬಿಕೊ

ಮಾರಿಸ್‌ವಿಲ್
8 ನವೆಂಬರ್ 2021

ರೇಣು,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ನನ್ನ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಬಿಸಾಡದೆ ಇಲ್ಲಿಯವರೆಗೆ ಓದಿದ್ದೀಯಾದರೆ ಇನ್ನು ಸ್ವಲ್ಪ ಓದು. ಫೋನ್ ಮಾಡಲು ಧೈರ್ಯವಿಲ್ಲ. ವಾಟ್ಸ್ಯಾಪ್‌ನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿ ಐದು ವರ್ಷ ದಾಟಿತು. ಮಾಡಿದ್ದು ಸರಿಯೇ.

ಇವರಿಗೆ ಕೋವಿಡ್ ಆಗಿದ್ದು ನಿನ್ನ ಕಿವಿಗೂ ಬಿದ್ದಿರಬಹುದು. ಈ ವರ್ಷ ಜನವರಿ ಕೊನೆಗೆ ರಾಲಿಯ ಆಸ್ಪತ್ರೆಗೆ ಸೇರಿಸಿದೆವು. ಒಟ್ಟು ನಲವತ್ತೊಂದು ದಿನ, ಅದರಲ್ಲಿ ಹತ್ತೊಂಬತ್ತು ದಿನ ವೆಂಟಿಲೇಟರ್. ನಾನೂ ಅದೇ ಜ್ವರದಲ್ಲಿ ಮನೆಯಲ್ಲಿ ಬಿದ್ದಿದ್ದೆ. ಎರಡು ಮಾತಾಡಿದರೆ ಕೆಮ್ಮು ಬಂದು ಉಸಿರು ನಿಲ್ಲುತ್ತಿತ್ತು. ಆಸ್ಪತ್ರೆಯ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಸಿಯಾಟಲ್‌ನಲ್ಲಿ ಕೂತು ನಿಧಿಯೇ ಡಾಕ್ಟರುಗಳ ಹತ್ತಿರ ಮಾತಾಡಿ ನನಗೆ ಮೆಸೇಜ್ ಹಾಕುತ್ತಿದ್ದಳು. ಅಂತೂ ಇವರು ಬದುಕಿ ಮನೆಗೆ ಬಂದರು. ಅದನ್ನು ಬರೆಯುವಾಗ ಇವತ್ತಿಗೂ ಪೆನ್ನು ನಿಂತುಬಿಡುತ್ತದೆ.

ಆ ದಿನಗಳಲ್ಲಿ ಇವರನ್ನು ನೋಡಿಕೊಂಡವಳು ಮಿಲಾ ಎಂಬ ಫಿಲಿಪಿನೋ ನರ್ಸ್. ಎಚ್ಚರವಾದ ಮೇಲೆ ಇವರು, 'ಆಕೆ ನನ್ನ ಹತ್ರ ಕನ್ನಡದಲ್ಲಿ ಮಾತಾಡ್ತಿದ್ಲು ಕಣೇ' ಎಂದರು. ಔಷಧಿಯ ಮಂಪರು ಎಂದು ಡಾಕ್ಟರು ನಕ್ಕರು, ನಾವೂ ನಕ್ಕೆವು. ಹೋದ ತಿಂಗಳು ಚೆಕಪ್‌ಗೆ ಹೋದಾಗ ಅವಳಿಗೆಂದು ಒಂದು ಮೈಸೂರು ರೇಷ್ಮೆ ಸೀರೆ ಒಯ್ದಿದ್ದೆ. 'ಇದೆಲ್ಲ ತಗೊಳ್ಳೋ ಹಾಗಿಲ್ಲ ಮ್ಯಾಮ್' ಎಂದು ವಾಪಸು ಕೊಟ್ಟಳು. ಮತ್ತೇನು ಕೊಡಲಿ ಎಂದು ಬಿಡದೆ ಕೇಳಿದೆ. ಕೊನೆಗೆ ಹೇಳಿದಳು. ಇವರು ವೆಂಟಿಲೇಟರ್ ಮೇಲಿದ್ದಾಗಲೇ, ಫೆಬ್ರವರಿ ಹನ್ನೊಂದಕ್ಕೆ, ಬೊಹೊಲ್ ಎಂಬ ಅವರ ದ್ವೀಪದಲ್ಲಿ ಅವಳ ತಾಯಿ ತೀರಿಕೊಂಡಳಂತೆ. ಹೋಗಲು ದಾರಿಯಿರಲಿಲ್ಲ. ಮರುದಿನ ಬೆಳಿಗ್ಗೆ ಡ್ಯೂಟಿಗೆ ಬಂದಳು. ಅವರಲ್ಲೂ ನಮ್ಮ ವರ್ಷಾಬ್ದಿಕದ ಹಾಗೆ ಒಂದು ವರ್ಷಕ್ಕೆ ಶೋಕ ಮುಗಿಸುತ್ತಾರೆ. ಆ ದಿನ ಬಿಕೊ ಎಂಬ ಸಿಹಿ ಇರಬೇಕು ಎಂಬುದು ಅವಳ ಆಸೆ. 'ಅಮ್ಮ ಮಾಡುತ್ತಿದ್ದಳು, ನಾನು ತಿನ್ನುತ್ತಿದ್ದೆ ಅಷ್ಟೇ' ಎಂದಳು. ನಾನು ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಬಿಕೊ ಎಂದರೆ ಅಂಟಕ್ಕಿ, ತೆಂಗಿನ ಹಾಲು, ಕಂದು ಸಕ್ಕರೆ. ಮೇಲೆ ಉದುರಿಸಲು ಲಾತಿಕ್, ಅಂದರೆ ತೆಂಗಿನ ಹಾಲನ್ನು ಎಣ್ಣೆ ಬಿಡುವವರೆಗೆ ಕುದಿಸಿದಾಗ ತಳದಲ್ಲಿ ಉಳಿಯುವ ಕೆಂಪು ಹರಳು. ಮೂರು ಸಲ ಮಾಡಿದೆ. ಮೊದಲ ಸಲ ಸೋನಾ ಮಸೂರಿ ಹಾಕಿದೆ, ಸಿಹಿ ಪೊಂಗಲ್ ಆಯಿತು. ಎರಡನೆಯ ಸಲ ಏಷ್ಯನ್ ಅಂಗಡಿಯ ಅಂಟಕ್ಕಿ ತಂದು, ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದೆ, ಕಾಳು ಗಟ್ಟಿಯಾಗಿಯೇ ಉಳಿಯಿತು. ಮೂರನೆಯ ಸಲ ಲೈಟ್ ತೆಂಗಿನ ಹಾಲಿನ ಡಬ್ಬಿ ಒಡೆದೆ. ಒಂದು ಗಂಟೆ ಕುದಿಸಿದರೂ ಲಾತಿಕ್ ಬರಲಿಲ್ಲ. ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನನ್ನ ಕೈ ಎಂಥದು ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಏನು ತಪ್ಪು ಮಾಡುತ್ತಿದ್ದೇನೆ, ಹೇಳುತ್ತೀಯಾ?

ನೀರಜಾ


ಜಾನ್ಸ್ ಕ್ರೀಕ್
27 ನವೆಂಬರ್ 2021

ನೀರಜಾ ಅವರಿಗೆ,

ನಿಮ್ಮ ಪತ್ರ ತಲುಪಿತು.

ನಾನು ಬಿಕೊ ತಿಂದವಳಲ್ಲ. ಆದರೆ ನಮ್ಮ ಹುಬ್ಬಳ್ಳಿ ಕಡೆ ಗೋಧಿ ಹುಗ್ಗಿ ಮಾಡುವವರಿಗೆ ನಿಮ್ಮ ತಪ್ಪು ತಿಳಿಯುತ್ತದೆ. ಕಾಳು ಪೂರ್ತಿ ಬೇಯುವ ಮುಂಚೆ ಸಿಹಿ ಬಿದ್ದರೆ ಅದು ಮತ್ತೆ ಬೇಯುವುದಿಲ್ಲ. ಅಂಟಕ್ಕಿಯನ್ನು ನಾಲ್ಕು ಗಂಟೆ ನೆನೆಸಿ. ನೀರು ಕಡಿಮೆ ಇಟ್ಟು ಅನ್ನವನ್ನು ಬೇರೆಯೇ ಮಾಡಿಕೊಳ್ಳಿ. ಬಾಣಲೆಯಲ್ಲಿ ತೆಂಗಿನ ಹಾಲಿಗೆ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಪಾಕದಷ್ಟು ಗಟ್ಟಿಯಾದ ಮೇಲೆ ಅನ್ನ ಬೆರೆಸಿ. ತಳ ಬಿಡುವವರೆಗೆ ಮಗುಚುತ್ತಲೇ ಇರಬೇಕು. ಅರ್ಧದಲ್ಲಿ ಫೋನ್ ಎತ್ತಿಕೊಂಡು ಹೋಗಬಾರದು.

ಲೈಟ್ ಡಬ್ಬಿಯಲ್ಲಿ ಎಣ್ಣೆಯೇ ಇರುವುದಿಲ್ಲ. ಫ್ರೋಜನ್ ಕಾಯಿತುರಿಯನ್ನು ಬಿಸಿನೀರಿನಲ್ಲಿ ರುಬ್ಬಿ, ಹಿಂಡಿ, ಮೊದಲ ಹಾಲನ್ನು ಮಾತ್ರ ತೆಗೆದುಕೊಳ್ಳಿ.

ನಿಮ್ಮ ಯಜಮಾನರು ತ್ಯಾಗರಾಜರು ಚೇತರಿಸಿಕೊಂಡದ್ದು ಸಂತೋಷ.

ಇತಿ,
ರೇಣುಕಾದೇವಿ ರವಿಕಿರಣ್


ಮಾರಿಸ್‌ವಿಲ್
2 ಜನವರಿ 2022

ರೇಣು,

ನೀನು 'ನೀವು' ಎಂದು ಬರೆದದ್ದನ್ನು ನಾಲ್ಕು ಸಲ ಓದಿದೆ. ಆದರೂ ಬರೆದೆಯಲ್ಲ, ಅಷ್ಟಕ್ಕೆ ನನ್ನ ನಮಸ್ಕಾರ.

ನೀನು ಹೇಳಿದ ಹಾಗೆಯೇ ಮಾಡಿದೆ. ಅಕ್ಕಿ ಹದವಾಗಿ ಬೆಂದಿತು, ಬಾಣಲೆಯ ತಳ ಬಿಟ್ಟಿತು. ಇವರು ಎರಡು ತುಂಡು ತಿಂದು, 'ಇದು ರೇಣುಕಾ ಹದ ಅಲ್ವಾ?' ಎಂದರು. ನಿನಗೆ ಬರೆದಿದ್ದೇನೆ ಎಂದು ನಾನು ಇವರಿಗೆ ಹೇಳಿರಲಿಲ್ಲ.

ಬಿಕೊ ನೆಪ, ರೇಣು. ಅದು ನಿಜವಾಗಿ ಬೇಕಿತ್ತು, ಸುಳ್ಳಲ್ಲ. ಆದರೆ ನಿನಗೆ ಬರೆಯಲು ಒಂದು ಕಾರಣ ಸಿಕ್ಕಿತು ಎಂದು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೇಳಬೇಕಾದ್ದು ಬೇರೆ.

ಇದೇ ಟೌನ್‌ಹೌಸ್ ಸಾಲಿನಲ್ಲಿ ಏಳು ವರ್ಷ ನಮ್ಮ ಗೋಡೆಗೆ ನಿಮ್ಮ ಗೋಡೆ ಅಂಟಿಕೊಂಡಿತ್ತು. ನಿಧಿಗೆ ನಿನ್ನ ಮನೆಯ ಫ್ರಿಜ್ ನಮ್ಮದಕ್ಕಿಂತ ಚೆನ್ನಾಗಿ ಗೊತ್ತಿತ್ತು. ನೀವು ಅಟ್ಲಾಂಟಾ ಹತ್ತಿರದ ಜಾನ್ಸ್ ಕ್ರೀಕ್‌ಗೆ ಹೋದ ಮೇಲೂ ದೀಪಾವಳಿಗೆ ಅಲ್ಲಿ, ಯುಗಾದಿಗೆ ಇಲ್ಲಿ ಎಂದು ಓಡಾಡುತ್ತಿದ್ದೆವು. ಅಂಥದ್ದರಲ್ಲಿ 2016ರ ಜೂನ್ ಒಂಬತ್ತರಂದು ರವಿಕಿರಣ್ ಹೋದರು ಎಂದು ನೀನು ಫೋನ್ ಮಾಡಿದೆ. ಶನಿವಾರ ಕ್ರಿಯೆ ಎಂದೆ. ಶನಿವಾರವೇ ನಿಧಿಯ ಗ್ರಾಜುಯೇಷನ್ ಪಾರ್ಟಿ ಇತ್ತು, ಅರವತ್ತು ಜನರನ್ನು ಕರೆದಾಗಿತ್ತು. ಮುಂದಿನ ವಾರ ಬರುತ್ತೇನೆ ಎಂದು ನಾನು ಹೇಳಿದೆ. ನಿಧಿ ಅಳುತ್ತಾ, 'ಅಮ್ಮ, ಕ್ಯಾನ್ಸಲ್ ಮಾಡು, ಆಂಟಿ ಮನೆಗೆ ಹೋಗೋಣ' ಎಂದಳು. ಹದಿನೆಂಟರ ಹುಡುಗಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಅವತ್ತು ಸಂಜೆ ಯಾರೋ ಫೋಟೋ ಹಾಕಿದರು. ನಾನು ಹಸಿರು ಸೀರೆ ಉಟ್ಟು ನಗುತ್ತಿದ್ದೆ. ನೀನು ಅದನ್ನು ನೋಡಿದೆ. ಮುಂದಿನ ವಾರ ನಾಚಿಕೆಯಾಗಿ ಬರಲಿಲ್ಲ. ಅದರ ಮುಂದಿನ ವಾರ ಇನ್ನೂ ಹೆಚ್ಚು ನಾಚಿಕೆಯಾಯಿತು. ಅಂಗಡಿಯಲ್ಲಿ ಕೊಂಡ ಒಂದು ಕಾರ್ಡ್ ಕಳಿಸಿದೆ, ಯಾರೋ ಅಚ್ಚು ಮಾಡಿದ ಎರಡು ಸಾಲು.

ನನ್ನ ಗಂಡ ಆ ಹಾಸಿಗೆಯಲ್ಲಿದ್ದಾಗ ಪ್ರತಿದಿನ ನಿನ್ನ ನೆನಪಾಗುತ್ತಿತ್ತು. ಕ್ಷಮಿಸು ಎಂದು ಕೇಳಲು ಬರೆಯುತ್ತಿಲ್ಲ. ಏನು ಮಾಡಿದೆ ಎಂದು ನನಗೆ ಗೊತ್ತಿದೆ, ಅದನ್ನು ನಿನಗೆ ಹೇಳಬೇಕಿತ್ತು.

ಲಾತಿಕ್ ಮಾತ್ರ ಸೀದುಹೋಯಿತು.

ನೀರಜಾ


ಜಾನ್ಸ್ ಕ್ರೀಕ್
23 ಜನವರಿ 2022

ನೀರಜಾ,

ಲಾತಿಕ್‌ಗೆ ಉರಿ ಹೆಚ್ಚಿಟ್ಟಿದ್ದೀರಿ. ಹಾಲು ಒಡೆದು ಎಣ್ಣೆ ಮೇಲೆ ಬಂದ ಕೂಡಲೇ ಉರಿ ಇಳಿಸಬೇಕು. ಹರಳು ಬೆಲ್ಲದ ಬಣ್ಣಕ್ಕೆ ಬರುವ ಮುಂಚೆಯೇ ಒಲೆ ಆರಿಸಿದರೆ, ಉಳಿದದ್ದನ್ನು ಎಣ್ಣೆಯ ಬಿಸಿಯೇ ಮಾಡುತ್ತದೆ. ಆ ಎಣ್ಣೆ ಚೆಲ್ಲಬೇಡಿ. ಬಾಳೆಎಲೆಗೆ ಅದನ್ನೇ ಸವರಿ, ಮೇಲೆ ಬಿಕೊ ಹರಡಿ. ಎಲೆ ಏಷ್ಯನ್ ಅಂಗಡಿಯ ಫ್ರೀಜರ್‌ನಲ್ಲಿ ಸಿಗುತ್ತದೆ. ಒಲೆಯ ಮೇಲೆ ಬಾಡಿಸಿಕೊಳ್ಳಿ, ಇಲ್ಲವಾದರೆ ಸೀಳುತ್ತದೆ.

ಆಸ್ಪತ್ರೆಗಳು ಮತ್ತೆ ತುಂಬಿವೆ ಎಂದು ಇಲ್ಲಿಯೂ ಸುದ್ದಿ. ಆ ನರ್ಸಮ್ಮನಿಗೆ ರಜ ಸಿಗುತ್ತದೆಯೇ? ತ್ಯಾಗರಾಜರು ಜನರ ಮಧ್ಯೆ ಓಡಾಡುವುದು ಬೇಡ. ಎಡಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲವಲ್ಲ, ಈಗ ಹೇಗಿದೆ?

ಉಳಿದದ್ದನ್ನೂ ಓದಿದೆ.

ರೇಣುಕಾ


ಮಾರಿಸ್‌ವಿಲ್
13 ಫೆಬ್ರವರಿ 2022

ರೇಣು,

ಮೊನ್ನೆ ಶುಕ್ರವಾರ ಮಿಲಾಳ ಮನೆಗೆ ಹೋಗಿದ್ದೆವು.

ಬೆಳಿಗ್ಗೆ ಐದಕ್ಕೆ ಎದ್ದು ಅಕ್ಕಿ ಬೇಯಿಸಿದೆ. ಕಾಯಿ ಹಿಂಡಿದ್ದು ಇವರು. ಬೆರಳಿಗೆ ವ್ಯಾಯಾಮ ಎಂದು ಕೊಟ್ಟೆ. ಲಾತಿಕ್ ಈ ಸಲ ಬೆಲ್ಲದ ಬಣ್ಣಕ್ಕೇ ನಿಂತಿತು. ಬಾಡಿಸಿದ ಎಲೆಯ ಮೇಲೆ ಬಿಕೊ ಹರಡಿ, ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಇವರು ಡ್ರೈವ್ ಮಾಡಿದರು, ಒಂದು ವರ್ಷದ ಮೇಲೆ ಮೊದಲ ಸಲ ರಾಲಿಯವರೆಗೆ.

ಅವಳದು ಎರಡನೆಯ ಮಹಡಿಯ ಅಪಾರ್ಟ್‌ಮೆಂಟ್. ಮೇಜಿನ ಮೇಲೆ ತಾಯಿಯ ಫೋಟೋ, ಪಕ್ಕದಲ್ಲಿ ಮೇಣದ ಬತ್ತಿ. ಜೊತೆಯ ನಾಲ್ಕು ಜನ ನರ್ಸುಗಳು ಜಪಸರ ಹಿಡಿದು ಪ್ರಾರ್ಥನೆ ಮುಗಿಸಿದ್ದರು. ಮಿಲಾ ಒಂದು ತುಂಡು ಕತ್ತರಿಸಿ ಮೊದಲು ಫೋಟೋದ ಮುಂದಿಟ್ಟಳು, ಆಮೇಲೆ ತಾನು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. 'ಅಮ್ಮ ಇಷ್ಟು ಸಿಹಿ ಹಾಕುತ್ತಿರಲಿಲ್ಲ' ಎಂದು ನಕ್ಕಳು. ನಗುತ್ತಲೇ ಅಳತೊಡಗಿದಳು. ವರ್ಷವೆಲ್ಲ ಅತ್ತಿರಲಿಲ್ಲವಂತೆ, ಅವಳ ಗೆಳತಿ ನನ್ನ ಕಿವಿಯಲ್ಲಿ ಹೇಳಿದಳು. ಎರಡನೆಯ ತುಂಡು ತಿಂದಳು, ಮೂರನೆಯದೂ ತಿಂದಳು.

ಇನ್ನು ಮುಂದಿನದು.

ಮಹಡಿ ಹತ್ತಿ ಬಂದದ್ದಕ್ಕೆ ಇವರಿಗೆ ಏದುಸಿರು ಬಂದಿತ್ತು. ಸೋಫಾದಲ್ಲಿ ಕೂತು ಎದೆ ಹಿಡಿದುಕೊಂಡರು. ಮಿಲಾ ಕಣ್ಣೊರೆಸಿಕೊಂಡು ಎದ್ದು ಬಂದಳು. ಇವರ ಬೆನ್ನಿನ ಮೇಲೆ ಕೈಯಿಟ್ಟು, ದಿನವೂ ಆಡುವ ಮಾತಿನಂತೆ ಹೇಳಿದಳು:

'ಹಗೂರಕ ಉಸಿರ ತಗೋರಿ. ಹೆದರಬ್ಯಾಡ್ರಿ. ನಿಮ್ಮ ಮಂದಿ ಎಲ್ಲಾ ಅದಾರ್ರಿ.'

ಇವರು ತಲೆಯೆತ್ತಿ ನನ್ನನ್ನು ನೋಡಿದರು. 'ನಾನು ಹೇಳಿರಲಿಲ್ವಾ?' ಎಂದರು.

ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ಮಿಲಾಳಿಗೇ ಆಶ್ಚರ್ಯ. 'ಅಟ್ಲಾಂಟಾದಲ್ಲಿರುವ ನಿಮ್ಮ ಅಕ್ಕ! ದಿನಾ ಸಂಜೆ ಆರಕ್ಕೆ ಫೋನ್ ಮಾಡುತ್ತಿದ್ದರಲ್ಲ. ನಿದ್ದೆಯ ಔಷಧಿ ಕಡಿಮೆ ಮಾಡಿದಾಗಲೆಲ್ಲ ಇವರು ಟ್ಯೂಬ್ ಕಿತ್ತುಕೊಳ್ಳಲು ಹೋಗುತ್ತಿದ್ದರು. ನಾವು ಏನು ಹೇಳಿದರೂ ಕೇಳಿಸುತ್ತಿರಲಿಲ್ಲ. ನಿಮ್ಮ ಅಕ್ಕ ಒಂದೊಂದೇ ಮಾತು ಕಲಿಸಿದರು. ನಾನು ಕೋಣೆಯ ಗಾಜಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದೆ. ಕೊನೆಗೆ "ರಿ" ಸೇರಿಸದಿದ್ದರೆ ಬೈಯುತ್ತಿದ್ದರು, ದೊಡ್ಡವರಿಗೆ ಹಾಗೆ ಹೇಳಬಾರದು ಅಂತ.'

ನನಗೆ ಅಕ್ಕ ಇಲ್ಲ, ರೇಣು.

ನಿನ್ನ ಹೋದ ಪತ್ರದ ಬೆರಳಿನ ಮಾತು ಆಗ ನೆನಪಾಯಿತು. ಬೆರಳಿನ ವಿಷಯ ನಾನು ನಿನಗೆ ಬರೆದೇ ಇರಲಿಲ್ಲ. ಅಲ್ಲಿಯೇ, ಅಷ್ಟು ಜನರ ನಡುವೆ, ನೆಲದ ಮೇಲೆ ಕೂತುಬಿಟ್ಟೆ. ಮಿಲಾ ನನ್ನ ಬೆನ್ನಿನ ಮೇಲೂ ಕೈಯಿಟ್ಟು ಅದನ್ನೇ ಹೇಳಿದಳು.

ನಾನು ನಿನ್ನ ಮನೆಗೆ ಬರದವಳು. ನೀನು ನನ್ನ ಮನೆಯವರನ್ನು ಉಳಿಸಿದೆ. ಯಾಕೆ ಹೇಳಲಿಲ್ಲ?

ನಿನ್ನ
ನೀರಜಾ


ಜಾನ್ಸ್ ಕ್ರೀಕ್
1 ಮಾರ್ಚ್ 2022

ನೀರಜಾ,

ನಿಧಿಗೆ ಬೈಯಬೇಡ. ಯಾರಿಗೂ ಹೇಳಬಾರದೆಂದು ನಾನೇ ಅವಳಿಂದ ಆಣೆ ಹಾಕಿಸಿಕೊಂಡಿದ್ದೆ, ಪಾಪ. ಮನೆಯವರಿಗೆ ಮಾತ್ರ ಕೊಡುವ ಆಸ್ಪತ್ರೆಯ ಪಾಸ್‌ಕೋಡ್ ನನಗೆ ಕೊಟ್ಟವಳೂ ಅವಳೇ, ನನ್ನನ್ನು ನಿನ್ನ ಅಕ್ಕ ಮಾಡಿದವಳೂ ಅವಳೇ.

ಫೆಬ್ರವರಿ ಮೊದಲ ವಾರ ಒಂದು ಮಧ್ಯಾಹ್ನ ಫೋನ್ ಮಾಡಿದಳು. ಹತ್ತಿರ ಹತ್ತಿರ ಐದು ವರ್ಷದ ಮೇಲೆ ಆ ಹುಡುಗಿಯ ಧ್ವನಿ. 'ಆಂಟಿ, ಡ್ಯಾಡಿ ಟ್ಯೂಬ್ ಇದ್ರೂ ತುಟಿ ಅಲ್ಲಾಡಿಸಿ ಕನ್ನಡದಲ್ಲಿ ಏನೋ ಹೇಳಕ್ಕೆ ನೋಡ್ತಾ ಇದಾರಂತೆ, ನರ್ಸ್‌ಗೆ ಅರ್ಥ ಆಗ್ತಿಲ್ಲ. ಏನು ಹೇಳ್ಕೊಡ್ಲಿ ಅಂತ ನಂಗೆ ಗೊತ್ತಾಗ್ತಿಲ್ಲ. ಮೈ ಕನ್ನಡ ಈಸ್ ಬೇಬಿ ಕನ್ನಡ. ಅಮ್ಮಂಗೆ ಮಾತಾಡಕ್ಕೇ ಆಗ್ತಿಲ್ಲ' ಎಂದಳು. ನಾನು ಎರಡನೆಯ ಪ್ರಶ್ನೆ ಕೇಳಲಿಲ್ಲ. ನಂಬರ್ ಬರೆದುಕೊಂಡೆ.

ಮಿಲಾ ಒಳ್ಳೆಯ ವಿದ್ಯಾರ್ಥಿನಿ. ತಾಯಿ ಹೋದ ಮರುದಿನವೂ ಆರಕ್ಕೆ ಫೋನ್ ಎತ್ತಿದಳು. ಆ ದಿನ ಧ್ವನಿ ಒಡೆದಿತ್ತು, ನೆಗಡಿ ಎಂದಳು. ಕಾರಣ ನನಗೆ ಗೊತ್ತಾದದ್ದು ನಿನ್ನ ಮೊದಲ ಪತ್ರದಿಂದ. ಅದನ್ನು ಓದಿ ನಾನು ಒಂದು ದಿನ ಏನೂ ಮಾಡಲಿಲ್ಲ. ಆಮೇಲೆ ಏಷ್ಯನ್ ಅಂಗಡಿಗೆ ಹೋಗಿ ಅಂಟಕ್ಕಿ ತಂದೆ. ನಿನಗೆ ಬರೆಯುವ ಮುಂಚೆ ನಾನೇ ನಾಲ್ಕು ಸಲ ಬಿಕೊ ಮಾಡಿದೆ. ತಿಂದವಳಲ್ಲ ಎಂದು ಬರೆದದ್ದು ಸುಳ್ಳು. ಚಿರಂತನ್ ಕಾಲೇಜಿನಿಂದ ಬಂದವನು, 'ಅಮ್ಮ, ಮತ್ತೆ ಇದೇನಾ?' ಎಂದು ಕೇಳಿದ.

ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ಮರುದಿನವೇ ಓಡಿ ಬರುತ್ತಿದ್ದೆ, ಉಪಕಾರ ತೀರಿಸಲು. ನನಗೆ ಅದು ಬೇಡವಾಗಿತ್ತು. ನನಗೆ ನೀನು ಬೇಕಾಗಿದ್ದೆ. ನೀನಾಗಿ ನೆನೆಸಿಕೊಂಡು ಬರುತ್ತೀಯೋ ಇಲ್ಲವೋ ಎಂದು ಕಾದೆ. ಕೊನೆಗೂ ನೀನು ಬರೆದೆ, ಅದೂ ಅಡುಗೆ ಕೇಳಿಕೊಂಡು. ಸಿಟ್ಟು ಬಂತು, ನಗುವೂ ಬಂತು.

ನಿನ್ನ ಮೇಲಿನ ಕೋಪ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಆ ಹಸಿರು ಸೀರೆ ಇನ್ನೂ ಕಣ್ಣಿಗೆ ಚುಚ್ಚುತ್ತದೆ. ಆದರೂ 'ನೀವು' ಎಂದು ಬರೆಯಲು ಇನ್ನು ನನ್ನ ಕೈಲಾಗದು.

ರೇಣುಕಾ


ಮಾರಿಸ್‌ವಿಲ್
24 ಏಪ್ರಿಲ್ 2022

ರೇಣು,

ಜೂನ್ ಒಂಬತ್ತು ಈ ವರ್ಷ ಗುರುವಾರ ಬರುತ್ತದೆ. ನಾವಿಬ್ಬರೂ ರಜ ಹಾಕಿದ್ದೇವೆ. ಬುಧವಾರ ಬೆಳಿಗ್ಗೆ ಹೊರಟರೆ ಮಧ್ಯೆ ಎರಡು ಕಡೆ ನಿಲ್ಲಿಸಿದರೂ ಸಂಜೆಯೊಳಗೆ ನಿನ್ನ ಮನೆಯಲ್ಲಿರುತ್ತೇವೆ. ನಿಧಿಯೂ ಸಿಯಾಟಲ್‌ನಿಂದ ನೇರ ಅಟ್ಲಾಂಟಾಕ್ಕೇ ಬರುತ್ತಾಳಂತೆ.

ಆರು ವರ್ಷ ತಡವಾಗಿ ಬರುವವರನ್ನು 'ಬಾ' ಎಂದು ಕರೆಯುವ ಕಷ್ಟ ನಿನಗೆ ಬೇಡ. ಬರಬೇಡ ಎನ್ನುವುದಾದರೆ ಮಾತ್ರ ಬರೆ.

ನೀರಜಾ


ಜಾನ್ಸ್ ಕ್ರೀಕ್
26 ಜೂನ್ 2022

ನೀರಜಾ,

ನೀವು ಹೋಗಿ ಎರಡು ವಾರವಾಯಿತು. ಫೋನ್‌ನಲ್ಲಿ ದಿನವೂ ಮಾತಾಡುತ್ತಿದ್ದೇವೆ, ಆದರೂ ಇದನ್ನು ಬರೆದೇ ಹೇಳಬೇಕು.

ಅವತ್ತು ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ನೀನು ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಕೇಳಿದೆ: 'ರವಿಕಿರಣ್ ಹೋಗುವಾಗ ಹೇಗಿತ್ತು, ರೇಣು?' ಆರು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ನಾನು ಹೇಗಿದ್ದೇನೆ ಎಂದು ಕೇಳಿದರು. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ. ನೀನು ಮತ್ತೆ ಕೇಳಲಿಲ್ಲ, ಪಕ್ಕದಿಂದ ಕದಲಲೂ ಇಲ್ಲ.

ಈಗ ಹೇಳುತ್ತೇನೆ. ಹೃದಯದ ಆಪರೇಷನ್ ಆಗಿ ಮೂರನೆಯ ದಿನ. ನಾನು ಎರಡು ದಿನ ಅಲ್ಲಿಯೇ ಕುರ್ಚಿಯಲ್ಲಿದ್ದೆ. ಸ್ನಾನ ಮಾಡಿ ಬರೋಣವೆಂದು ಮನೆಗೆ ಬಂದೆ. ಒಂದು ಗಂಟೆ, ಅಷ್ಟೇ. ಅಷ್ಟರಲ್ಲಿ ಹೋದರು. ನರ್ಸ್ ನನ್ನ ಕೈ ಹಿಡಿದು, 'ಕಿಟಕಿ ಎಂಬುವರು ಯಾರು? ಕೊನೆಯವರೆಗೆ ಅವರನ್ನೇ ಕರೆಯುತ್ತಿದ್ದರು' ಎಂದು ಕೇಳಿದಳು. ಒಳ್ಳೆಯ ಹುಡುಗಿ. ಅವಳ ಕಣ್ಣಲ್ಲೂ ನೀರಿತ್ತು.

ಕಿಟಕಿ ತೆರೆಯಿರಿ ಎಂದು ಕೇಳುತ್ತಿದ್ದರು, ನೀರಜಾ. ಬೆಳಕು ಬೇಕಿತ್ತೋ, ಗಾಳಿ ಬೇಕಿತ್ತೋ. ಆ ಮಾತು ತಿಳಿಯುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಡ್ಯಾಡಿ ಹೇಳುವುದು ನರ್ಸ್‌ಗೆ ಅರ್ಥವಾಗುತ್ತಿಲ್ಲ ಎಂದು ನಿಧಿ ಹೇಳಿದಾಗ ನನಗೆ ಬೇರೇನೂ ಕೇಳಿಸಲಿಲ್ಲ. ತ್ಯಾಗರಾಜರ ಕಿವಿಗೇ ಫೋನ್ ಹಿಡಿಯುತ್ತೇನೆ, ನೀವೇ ಮಾತಾಡಿ ಎಂದು ಮಿಲಾ ಎಷ್ಟೋ ಸಲ ಹೇಳಿದಳು. ನನಗೆ ಆಗಲಿಲ್ಲ. ಅಂಥ ಕೋಣೆಯೊಳಗೆ ಮತ್ತೆ ಕಾಲಿಡಲು ನನ್ನ ಧ್ವನಿಗೂ ಧೈರ್ಯವಿರಲಿಲ್ಲ. ಅವಳ ಬಾಯಿಂದ ಹೇಳಿಸಿದೆ. ನಾನು ಫೋನ್ ಮಾಡಲು ಶುರುಮಾಡಿದ ಹನ್ನೆರಡನೆಯ ದಿನ, 'ಟ್ಯೂಬ್ ತೆಗೆದರು, ತಾನೇ ಉಸಿರಾಡುತ್ತಿದ್ದಾರೆ' ಎಂದಳು. ಅವತ್ತು ನಾನು ಹೊಟ್ಟೆ ತುಂಬ ಊಟ ಮಾಡಿದೆ. ನೀನು ಬಂದಾಗಿನಿಂದ ನನಗೆ ಥ್ಯಾಂಕ್ಸ್ ಹೇಳುತ್ತಲೇ ಇದ್ದೆ. ನಾನು ಮಿಲಾಗೆ, ನಿಧಿಗೆ, ಉಸಿರು ಹಿಡಿದುಕೊಂಡ ನಿನ್ನ ಗಂಡನಿಗೆ ಏನೆಂದು ಹೇಳಲಿ?

ಇನ್ನೊಂದು ಮಾತಿದೆ. ನೀನು ಕೇಳಿಹೋದದ್ದು ನನ್ನನ್ನು ಬಿಡಲಿಲ್ಲ. ಹೋದ ಭಾನುವಾರ ತಿಂಡಿಗೆ ಕೂತಾಗ ಇದನ್ನೆಲ್ಲ ಚಿರಂತನ್‌ಗೆ ಹೇಳಿದೆ. ಆ ಒಂದು ಗಂಟೆ ನಾನು ಮನೆಗೆ ಬರಬಾರದಿತ್ತು ಎಂದೆ. ಅವನು ಚಮಚ ಕೆಳಗಿಟ್ಟ. ಇಪ್ಪತ್ತೊಂದು ವರ್ಷದ ಗಂಡಸು, ಮುಖ ಹದಿನೈದು ವರ್ಷದವನದ್ದಾಯಿತು.

'ಅಮ್ಮ, ನಿನ್ನನ್ನ ಮನೆಗೆ ಕಳ್ಸಿದ್ದು ನಾನು. ಯೂ ಲುಕ್ಡ್ ಸೋ ಟಯರ್ಡ್. ಹೋಗು ಅಂತ ನಾನೇ ಹೇಳ್ದೆ. ನಂಗೆ ಹಸಿವಾಗಿ ನಾನು ಕೆಳಗೆ ಕೆಫೆಟೀರಿಯಾಗೆ ಹೋಗಿದ್ದೆ. ನಾನು ಅಲ್ಲೇ ಇರ್ಬೇಕಿತ್ತು. ನಂಗೆ ಕಿಟಕಿ ಅಂದ್ರೆ ಗೊತ್ತಿತ್ತು, ಅಮ್ಮ.'

ಒಂದೇ ಮನೆಯಲ್ಲಿ ಆರು ವರ್ಷ ಎದುರುಬದುರು ಕೂತು ಉಂಡಿದ್ದೇವೆ. ಆ ಒಂದು ಗಂಟೆ ನನ್ನೊಬ್ಬಳದೇ ಎಂದು ನಾನು ತಿಳಿದಿದ್ದೆ, ಅವನೊಬ್ಬನದೇ ಎಂದು ಅವನು. ಅವನ ತಲೆಯನ್ನು ಎದೆಗೆ ಒತ್ತಿಕೊಂಡೆ. ಆಗ ನಿನಗೆ ಹಸಿವಾಗಿತ್ತಪ್ಪ, ಚಿಕ್ಕವನಾಗಿದ್ದೆ, ಅಷ್ಟೇ ಎಂದೆ. ಅವನು ನನಗೂ ಅದನ್ನೇ ಹೇಳಿದ, ನಿನಗೆ ದಣಿವಾಗಿತ್ತು ಅಷ್ಟೇ ಎಂದು. ಅವನ ಬಾಯಿಂದ ಕೇಳಿದ ಮೇಲೆ ನಾನು ಅದನ್ನು ನಂಬಿದೆ.

ನೀನು ಕೇಳಿರದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ನನ್ನ ಮಗನ ಎದೆಯಲ್ಲಿ ಏನಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ತಡವಾಗಿ ಬಂದೆ, ನಿಜ. ಬಂದೆಯಲ್ಲ.

ನಿನ್ನ
ರೇಣು